ದೇವದಾರು ಮತ್ತು ಜೂನಿಪರ್ ಬೇರೆಯಾದ ದಿನ

ಪರ್ವತಗಳು ಇನ್ನೂ ಬೆಳೆಯುತ್ತಿದ್ದ ಕಾಲ ಅದು. ನಿನ್ನೆ ಸಂಜೆ ನೋಡಿದ ಶಿಖರ ಇವತ್ತು ಬೆಳಿಗ್ಗೆ ಒಂದು ಮೊಳ ಹೆಚ್ಚಾಗಿರುತ್ತಿತ್ತು. ಹೊಳೆಗಳಿಗೆ ದಾರಿ ಗೊತ್ತಿರಲಿಲ್ಲ. ತಿರುವು ಬಂದಲ್ಲೆಲ್ಲ ನಿಂತು, "ಕೆಳಗೆ ಅಂದರೆ ಯಾವ ಕಡೆ?" ಎಂದು ಕಲ್ಲುಗಳನ್ನು ಕೇಳುತ್ತಿದ್ದವು. ಗಾಳಿಗೆ ಆಗ ಚಿಕ್ಕ ವಯಸ್ಸು. ಒಂದು ಕಡೆ ಕೂತು ಅಭ್ಯಾಸವಿರಲಿಲ್ಲ.

ಉತ್ತರದಲ್ಲಿ ಒಬ್ಬ ಹಿರಿಯ ಪರ್ವತನಿದ್ದ. ಉಳಿದ ಪರ್ವತಗಳೆಲ್ಲ ಅವನ ಮೊಣಕಾಲಿಗೆ ಬರುತ್ತಿದ್ದವು. ಅವನ ತಲೆ ಯಾವಾಗಲೂ ಮೋಡದೊಳಗೆ. ಕೆಳಗಿನದು ಅವನಿಗೆ ಏನೂ ಕಾಣುತ್ತಿರಲಿಲ್ಲ. ಕಿವಿಯಲ್ಲಿ ಹಿಮ ತುಂಬಿತ್ತು, ಸದ್ದೂ ಕೇಳುತ್ತಿರಲಿಲ್ಲ. ಮೂಗು ಮಾತ್ರ ಬಹಳ ಚುರುಕು. ಏಳು ಕಣಿವೆಯಾಚೆ ಹೂವು ಅರಳಿದರೆ ಅವನಿಗೆ ತಿಳಿಯುತ್ತಿತ್ತು.

ಅವನ ಹೆಗಲ ಮೇಲೆ ಹಿಮದ ರಾಶಿ. ಪಾದದ ಬಳಿ ಯಾರಾದರೂ ಓಡಾಡಿದರೆ ಕಚಗುಳಿಯಾಗಿ ಮೈ ಕೊಡವುತ್ತಿದ್ದ. ಮೈ ಕೊಡವಿದರೆ ಹಿಮ ಜಾರುತ್ತಿತ್ತು. ಹಿಮ ಜಾರಿದರೆ ಕೆಳಗಿದ್ದದ್ದೆಲ್ಲ ಇಲ್ಲವಾಗುತ್ತಿತ್ತು. ಅವನಿಗೆ ಸಿಟ್ಟು ಎಂದು ತಿಳಿಯಬೇಡ. ಅವನಿಗೆ ಗೊತ್ತಾಗುತ್ತಿರಲಿಲ್ಲ, ಅಷ್ಟೇ.

ಆ ಪರ್ವತನ ಮಡಿಲಲ್ಲಿ, ಒಂದೇ ದಿನ, ಒಂದೇ ಮಳೆಗೆ, ಎರಡು ಮರ ಹುಟ್ಟಿದವು. ಅಕ್ಕ ತಂಗಿ. ಈಗ ನಾವು ದೇವದಾರು ಎಂದು ಕರೆಯುವುದು ಅಕ್ಕನನ್ನು. ಜೂನಿಪರ್ ಎಂದು ಕರೆಯುವುದು ತಂಗಿಯನ್ನು. ಆಗ ಇಬ್ಬರಿಗೂ ಒಂದೇ ಹೆಸರು: ಕಂಪಿನ ಮರ. ಬೇರೆ ಹೆಸರಿಡಬೇಕಾದರೆ ಬೇರೆ ಏನಾದರೂ ಕಾಣಬೇಕಲ್ಲ? ಎತ್ತರ ಒಂದೇ. ಎಲೆ ಒಂದೇ. ಕಾಯಿ ಒಂದೇ. ತೊಗಟೆ ಗೀರಿದರೆ ಬರುವ ಕಂಪೂ ಒಂದೇ. ಅವರ ಮಕ್ಕಳು, ಮೊಮ್ಮಕ್ಕಳು ಇಳಿಜಾರಿನ ತುಂಬ ಬೆರೆತು ಬೆಳೆದರು. ಯಾರು ಯಾರ ಮಗಳು ಎಂದು ಮಳೆಗೂ ತಿಳಿಯುತ್ತಿರಲಿಲ್ಲ.

ಹಾಗೆ ಇರುವುದು ಅಕ್ಕ ತಂಗಿಗೆ ಬಹಳ ಇಷ್ಟ.

"ನಿನ್ನೆ ಕೂತದ್ದು ನಿನ್ನ ಮೇಲೋ, ಅವಳ ಮೇಲೋ?" ಎಂದು ಸಿಳ್ಳಾರ ಹಕ್ಕಿ ಕೇಳಿದರೆ ಅಕ್ಕ, "ಅವಳ ಮೇಲೆ" ಎನ್ನುತ್ತಿದ್ದಳು. ತಂಗಿಯೂ, "ಅವಳ ಮೇಲೆ" ಎನ್ನುತ್ತಿದ್ದಳು. ಸಿಳ್ಳಾರ ದಿನವಿಡೀ ಗೂಡು ಹುಡುಕುತ್ತಾ ಸಿಳ್ಳೆ ಹಾಕುತ್ತಿತ್ತು.

ಬೇರೆಯಿದ್ದದ್ದು ಒಳಗೆ. ಅಕ್ಕನ ಒಳಗೆ ನಾರು ಗೆರೆ ಎಳೆದ ಹಾಗೆ ನೆಟ್ಟಗಿತ್ತು. ತಂಗಿಯ ಒಳಗೆ ಅದು ಹೆಣೆದ ಜಡೆಯ ಹಾಗೆ ಸುತ್ತಿಕೊಂಡಿತ್ತು. ಅಕ್ಕನನ್ನು ಸುಟ್ಟರೆ ಕಪ್ಪು ಹೊಗೆ ಬಂದು ನೆಲದ ಮೇಲೆ ಮಲಗುತ್ತಿತ್ತು. ತಂಗಿಯನ್ನು ಸುಟ್ಟರೆ ಬಿಳಿ ಹೊಗೆ, ಮೇಲಿನಿಂದ ಇಳಿಬಿಟ್ಟ ದಾರದ ಹಾಗೆ, ನೆಟ್ಟಗೆ ಪರ್ವತನ ಮೂಗು ಮುಟ್ಟುತ್ತಿತ್ತು. ಆದರೆ ಒಳಗಿನದು ಹೊರಗಿನವರಿಗೆ ಹೇಗೆ ಗೊತ್ತಾಗಬೇಕು?

ಆ ಕಣಿವೆಗೆ ಮನುಷ್ಯರು ಬಂದರು. ಹೊಳೆಯ ಈಚೆ ದಡದಲ್ಲಿ ಮನೆ ಕಟ್ಟಿದರು. ಆಚೆ ದಡದ ಹುಲ್ಲುಗಾವಲಿನಲ್ಲಿ ಕುರಿ ಮೇಯಿಸಿದರು. ಚಳಿಗಾಲದಲ್ಲಿ ಹೊಳೆಯ ಮೇಲೆ ಹಿಮ ಕಟ್ಟಿ ಅದೇ ಸೇತುವೆಯಾಗುತ್ತಿತ್ತು. ಹಿಮ ಕರಗಿದ ಮೇಲೆ ಅವರೇ ಸೇತುವೆ ಹಾಕಬೇಕು.

ಹೇಗೆ ಹಾಕುತ್ತಿದ್ದರು ಎಂದು ಸರಿಯಾಗಿ ಕೇಳು. ಎರಡೂ ದಡದಲ್ಲಿ ದಿಮ್ಮಿಗಳ ಬುಡವನ್ನು ಬಂಡೆಗಳ ಭಾರದಡಿ ಹುಗಿದಿದ್ದರು. ಅವುಗಳ ತುದಿ ನೀರಿನ ಮೇಲೆ ಕೈ ಚಾಚಿದ ಹಾಗೆ ನಿಂತಿರುತ್ತಿತ್ತು. ಈ ಕೈಗೂ ಆ ಕೈಗೂ ನಡುವೆ ಇಪ್ಪತ್ತು ಮೊಳ ಖಾಲಿ. ಆ ಖಾಲಿಗೆ ಒಂದೇ ಒಂದು ದಪ್ಪ ತೊಲೆ. ಅದಕ್ಕೆ ನಡುತೊಲೆ ಎಂದು ಹೆಸರು. ಬೇಸಿಗೆ ಮುಗಿದ ಮೇಲೆ ಅದನ್ನು ಬಿಚ್ಚಿ, ಆ ವರ್ಷ ಮದುವೆಯಾದವರ ಮನೆಯ ಮಾಡಿಗೆ ಹಾಕುತ್ತಿದ್ದರು. ಮರುವರ್ಷಕ್ಕೆ ಹೊಸ ಮರ, ಹೊಸ ತೊಲೆ.

ಇನ್ನೊಂದು ರೂಢಿಯೂ ಇತ್ತು. ತೊಲೆ ಕೆತ್ತುವಾಗ ಬಿದ್ದ ಚಕ್ಕೆಗಳನ್ನು ಕೂಡಿಸಿ ಸುಡಬೇಕು. ಹೊಗೆ ನೆಟ್ಟಗೆ ಏರಿದರೆ ಪರ್ವತನಿಗೆ, ಓ, ಪಾದದ ಬಳಿ ಮನುಷ್ಯರಿದ್ದಾರೆ ಎಂದು ತಿಳಿಯುತ್ತದೆ. ಅವನು ಉಸಿರು ಬಿಗಿಹಿಡಿದು ಅಲುಗಾಡದೆ ನಿಲ್ಲುತ್ತಾನೆ. ಹೊಗೆ ಮಲಗಿದರೆ ಆ ತೊಲೆ ಪರ್ವತನಿಗೆ ಒಪ್ಪಿಗೆಯಿಲ್ಲ, ಹೊಳೆಗೆ ತಳ್ಳಿಬಿಡಬೇಕು. ಯಾವ ತೊಲೆಯೋ ಅದೇ ತೊಲೆಯ ಚಕ್ಕೆ. ಬೇರೆ ಮರದ ಒಂದು ಕಡ್ಡಿಯೂ ಬೆಂಕಿಗೆ ಬೀಳಬಾರದು. ಒಂದೇ ಜಾತಿಯ ಮರ ಎಂದುಕೊಂಡು ಮಾಡಿದ ರೂಢಿ ಅದು.

ತೊಲೆ ಕೆತ್ತುವವನು ಪುಂಚೋಕ್. ಹೊಗೆ ಹಾಕುವವಳು ಅವನ ಹೆಂಡತಿ ಜಂಗ್ಮೊ. ಕೆಲವು ವರ್ಷ ತೊಲೆ ನೆಟ್ಟಗೆ ಬರುತ್ತಿತ್ತು, ಹೊಗೆ ಮಲಗುತ್ತಿತ್ತು. ಕೆಲವು ವರ್ಷ ಹೊಗೆ ನೆಟ್ಟಗೆ ಏರುತ್ತಿತ್ತು, ತೊಲೆ ಬಿಸಿಲಿಗೆ ತಿರುಚಿಕೊಳ್ಳುತ್ತಿತ್ತು.

"ನಿನ್ನ ಕೈಗೆ ಸಿಕ್ಕರೆ ಮರವೂ ಹಾವಾಗುತ್ತದೆ" ಎನ್ನುವಳು ಜಂಗ್ಮೊ.

"ನಿನ್ನ ಕೈಗೆ ಸಿಕ್ಕರೆ ಹೊಗೆಗೂ ನಿದ್ದೆ ಬರುತ್ತದೆ" ಎನ್ನುವನು ಪುಂಚೋಕ್.

ಕೊನೆಗೆ ಬೇಸರವಾಗಿ, ಹೊಗೆ ಮಲಗಿದ್ದರೂ ಕಣ್ಣುಮುಚ್ಚಿ ದಾಟಿಬಿಡುತ್ತಿದ್ದರು. ಆ ವರ್ಷಗಳಲ್ಲೆಲ್ಲ ಆಚೆ ದಡದಲ್ಲಿ ಹಿಮ ಜಾರಿ ಕುರಿಗಳು ಹೋಗುತ್ತಿದ್ದವು. ಒಮ್ಮೆ ಐದು ಜನರೂ ಹೋದರು.

ಒಂದು ವರ್ಷ ಬಿಸಿಲು ಬೇಗ ಬಂತು. ಅವರ ಮಗಳು ಡೋಲ್ಕರ್, ಕಣಿವೆಯಲ್ಲೇ ಗಟ್ಟಿಗಿತ್ತಿ ಕುರಿಗಾರ್ತಿ, ಮೂವತ್ತೆಂಟು ಕುರಿ ಹೊಡೆದುಕೊಂಡು ಹಿಮಸೇತುವೆಯ ಮೇಲೆ ಆಚೆಗೆ ದಾಟಿದಳು. ಸಂಜೆಗೆ ಹಿಂತಿರುಗಬೇಕು. ಮಧ್ಯಾಹ್ನಕ್ಕೆ ಹಿಮಸೇತುವೆ ಮುರಿದು ಹೊಳೆಗೆ ಬಿತ್ತು.

ಆಚೆ ದಡದಲ್ಲಿ ಹುಲ್ಲು ಒಂದು ದಿನಕ್ಕಾಗುವಷ್ಟು ಮಾತ್ರ ಎದ್ದಿತ್ತು. ಅವಳ ಚೀಲದಲ್ಲಿ ಮೂರು ದಿನಕ್ಕಾಗುವಷ್ಟು ಹುರಿಹಿಟ್ಟು. ಅವಳ ತಲೆಯ ಮೇಲ್ಗಡೆಯೇ, ಒಂದು ಇಡೀ ಬೆಟ್ಟದಷ್ಟು ಹಿಮ, ಪರ್ವತನ ಹೆಗಲ ಅಂಚಿಗೆ ಬಂದು ನಿಂತಿತ್ತು. ಅದನ್ನು ನೋಡಿದವರು ದನಿ ತಗ್ಗಿಸಿದರು. ಯಾರೂ ಹೇಳಿಕೊಡಲಿಲ್ಲ, ತಾನಾಗಿಯೇ ದನಿ ತಗ್ಗಿತು.

ಈಚೆ ದಡದಿಂದ ಜಂಗ್ಮೊ ಕೈಸನ್ನೆ ಮಾಡಿ ಕೇಳಿದಳು: ಹೇಗಿದ್ದೀಯೆ?

ಡೋಲ್ಕರ್ ಒಂದು ಮರಿಯನ್ನು ಎತ್ತಿ ತೋರಿಸಿದಳು. ಬೆಳಿಗ್ಗೆಯೇ ಹುಟ್ಟಿದ ಮರಿ. ಈಗ ಕುರಿ ಮೂವತ್ತೊಂಬತ್ತು.

ಪುಂಚೋಕ್ ಊರಿನವರನ್ನೆಲ್ಲ ಕರೆದುಕೊಂಡು ಕಾಡಿಗೆ ಹೋದ. ಮೊದಲನೆಯ ಮರ ಕಡಿದರು. ಜಂಗ್ಮೊ ಚಕ್ಕೆ ಸುಟ್ಟಳು. ಬಿಳಿ ಹೊಗೆ ನೆಟ್ಟಗೆ ಏರಿತು. ಎಲ್ಲರ ಮುಖ ಅರಳಿತು. ಅಷ್ಟರಲ್ಲಿ ತೊಲೆಗೆ ಬಿಸಿಲು ಬಿತ್ತು. ಅದು ಎಲ್ಲರ ಕಣ್ಣೆದುರಿಗೇ, ಮೈ ಮುರಿಯುವ ಹಾಗೆ ಮೆಲ್ಲಗೆ ತಿರುಚಿಕೊಂಡಿತು.

ಎರಡನೆಯ ಮರ ಕಡಿದರು. ತೊಲೆ ಬಾಣದ ಹಾಗೆ ನೆಟ್ಟಗೆ. ಹೊಗೆ ಕಪ್ಪಗೆ ಬಂದು ಜಂಗ್ಮೊಳ ಕಾಲಡಿಯೇ ಮಲಗಿತು. ತೊಲೆಯನ್ನು ಹೊಳೆಗೆ ತಳ್ಳಿದರು.

ಮೂರನೆಯದು ತಿರುಚಿತು. ನಾಲ್ಕನೆಯದರ ಹೊಗೆ ಮಲಗಿತು. ಐದನೆಯದು ತಿರುಚಿತು.

ಎರಡು ದಿನ ಮುಗಿಯುವ ಹೊತ್ತಿಗೆ ಇಳಿಜಾರಿನಲ್ಲಿ ಹದಿನೇಳು ಬುಡಗಳು ಬಿಳಿಚಿಕೊಂಡು ನಿಂತಿದ್ದವು. ಹದಿನೇಳು ಮರವೂ ವ್ಯರ್ಥ. ಅವುಗಳಲ್ಲಿ ತೊಲೆಗೆ ತಕ್ಕದ್ದೂ ಇತ್ತು, ಹೊಗೆಗೆ ತಕ್ಕದ್ದೂ ಇತ್ತು. ಎರಡಕ್ಕೂ ತಕ್ಕದ್ದು ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ.

ಇದನ್ನೆಲ್ಲ ಅಕ್ಕ ತಂಗಿ ಮೇಲಿನಿಂದ ನೋಡುತ್ತಿದ್ದರು. ಕೊಡಲಿ ಬಿದ್ದಾಗಲೆಲ್ಲ ಯಾರ ಮಗಳು ಬಿದ್ದಳು ಎಂದು ಅವರಿಗೆ ಮಾತ್ರ ತಿಳಿಯುತ್ತಿತ್ತು.

"ಅಕ್ಕಾ, ಇವರು ನಮ್ಮನ್ನು ಒಬ್ಬಳೇ ಅಂದುಕೊಂಡಿದ್ದಾರೆ" ಎಂದಳು ತಂಗಿ.

"ಅಂದುಕೊಳ್ಳಲಿ ಎಂದು ನಾವೇ ನಗುತ್ತಿದ್ದೆವಲ್ಲ."

"ಈಗ ನಗು ಬರುತ್ತಿಲ್ಲ."

"ನನಗೂ ಬರುತ್ತಿಲ್ಲ."

ಗಾಳಿ ಆಚೆ ದಡದಿಂದ ಬಂತು. ಅದರ ಮೈಗೆ ಕುರಿಯ ವಾಸನೆ ಅಂಟಿತ್ತು.

"ಆ ಹುಡುಗಿ ಇವತ್ತು ಹಿಟ್ಟನ್ನು ತಾನು ತಿನ್ನಲಿಲ್ಲ. ಮರಿ ಹಾಕಿದ ಕುರಿಗೆ ನೆಕ್ಕಿಸಿದಳು" ಎಂದು ಹೇಳಿತು. "ನಾನು ಅಲ್ಲಿ ಮೆಲ್ಲಗೆ ನಡೆಯುತ್ತಿದ್ದೇನೆ. ಜೋರಾಗಿ ಉಸಿರಾಡಿದರೆ ಆ ಹಿಮ ಬಿದ್ದೀತು ಎಂದು ನನಗೇ ಭಯ."

ಅಕ್ಕ ತಂಗಿ ಪರ್ವತನನ್ನೇ ಕೇಳಿದರು. ಮರಗಳ ಮಾತು ಬೇರಿನ ಮೂಲಕ ಅವನಿಗೆ ಮುಟ್ಟುತ್ತಿತ್ತು. ಆದರೆ ಬೇರಿನ ಮಾತು ನಿಧಾನ. ಬೆಳಿಗ್ಗೆ ಹೇಳಿದ್ದು ಸಂಜೆಗೆ ಅವನನ್ನು ತಲುಪುತ್ತಿತ್ತು.

"ಅಪ್ಪಾ, ನಿನ್ನ ಪಾದದ ಬಳಿ ಒಂದು ಹುಡುಗಿ ಇದ್ದಾಳೆ. ಅಲುಗಾಡಬೇಡ" ಎಂದರು ಎರಡನೆಯ ದಿನ ಬೆಳಿಗ್ಗೆ.

ಸಂಜೆಗೆ ಉತ್ತರ ಬಂತು. ಕಣಿವೆಯ ಎಲ್ಲ ಕಲ್ಲುಗಳೂ ಒಮ್ಮೆ ಗುಂಯ್ ಎಂದವು.

"ಮಕ್ಕಳೇ, ಬೆಳೆಯುವವನು ಅಲುಗಾಡದೆ ಇರುವುದಾದರೂ ಹೇಗೆ? ಉಸಿರು ಹಿಡಿದರೆ ಒಂದು ಗಳಿಗೆ ಹಿಡಿದೇನು. ಆ ಗಳಿಗೆ ಯಾವುದು ಎಂದು ನನಗೆ ಗೊತ್ತಾಗಬೇಕು. ನಿಮ್ಮ ಮಾತು ಬರುವಷ್ಟರಲ್ಲಿ ಅದು ಕಳೆದುಹೋಗಿರುತ್ತದೆ. ಹೊಗೆ ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತದೆ."

"ಹಾಗಾದರೆ ನಮ್ಮನ್ನು ಬೇರೆ ಬೇರೆ ಮಾಡು. ನೋಡಿದವರಿಗೆ ತಿಳಿಯಲಿ" ಎಂದಳು ಅಕ್ಕ.

ಈ ಮಾತು ಮುಟ್ಟಲು ಮತ್ತೆ ಹೊತ್ತಾಯಿತು. ಮೂರನೆಯ ದಿನ ಮುಂಜಾನೆ, ಸೂರ್ಯ ಶಿಖರದ ತುದಿ ಮುಟ್ಟುವಾಗ, ಪರ್ವತ ಹೇಳಿದ:

"ನಿಮ್ಮನ್ನು ಒಂದೇ ರೂಪದಲ್ಲಿ ಹೆತ್ತವನು ನಾನು. ಆ ಕೆಲಸವನ್ನು ನಾನೇ ಅಳಿಸಲಾರೆ. ಬೇಕಾದರೆ ನೀವೇ ಬೇರೆಯಾಗಿ. ಆದರೆ ಒಮ್ಮೆ ಬೇರೆಯಾದರೆ ಮತ್ತೆ ಒಂದಾಗಲು ಬರುವುದಿಲ್ಲ. ಮಳೆಗೂ ನಿಮ್ಮ ಗುರುತು ತಪ್ಪುವುದಿಲ್ಲ, ಹಕ್ಕಿಗೂ ತಪ್ಪುವುದಿಲ್ಲ. ಯಾರೂ ನಿನ್ನನ್ನು ಅವಳೆಂದು, ಅವಳನ್ನು ನೀನೆಂದು ಕರೆಯುವುದಿಲ್ಲ. ಸರಿಯಾಗಿ ಯೋಚಿಸಿ."

ಅಕ್ಕ ತಂಗಿ ಕೊಂಬೆಗೆ ಕೊಂಬೆ ತಾಗಿಸಿ ನಿಂತರು.

"ಮೊದಲು ಯಾರು?" ಎಂದಳು ತಂಗಿ.

"ನಾನು ದೊಡ್ಡವಳು" ಎಂದಳು ಅಕ್ಕ.

ಅಕ್ಕ ಉಸಿರೆಳೆದುಕೊಂಡಳು. ಅವಳ ಕಾಂಡ ಮಳೆಯ ಧಾರೆಯ ಹಾಗೆ ನೆಟ್ಟಗಾಯಿತು. ಮೊಳದ ಮೇಲೆ ಮೊಳ, ಮೊಳದ ಮೇಲೆ ಮೊಳ ಏರಿತು. ಕೊಂಬೆಗಳು ಅಡ್ಡಕ್ಕೆ, ಚಾಚಿದ ಅಂಗೈಯ ಹಾಗೆ ಹರಡಿಕೊಂಡವು. ಆಮೇಲೆ ಅವಳು ತನ್ನ ಎಲೆಗಳನ್ನು ಒಂದೊಂದಾಗಿ ಎಳೆದು ಉದ್ದ ಮಾಡಿದಳು. ಸೂಜಿಯ ಹಾಗೆ ಮಾಡಿದಳು. ಹಾಗೆ ಬಿಡಬಹುದಿತ್ತು. ಬಿಡಲಿಲ್ಲ. ಕೊಂಬೆಯ ಮೇಲೆ ಮೊಂಡು ಗುಬಟು ಎಬ್ಬಿಸಿ, ಒಂದೊಂದು ಗುಬಟಿಗೆ ಇಪ್ಪತ್ತು ಮೂವತ್ತು ಸೂಜಿಗಳನ್ನು ಸೇರಿಸಿ ಕುಚ್ಚು ಕಟ್ಟಿದಳು.

"ಕುಚ್ಚು ಯಾಕಕ್ಕಾ?"

"ಕಣ್ಣಿಗೆ ಹಿಮ ಬಿದ್ದವನೂ ಬೆರಳಿನಿಂದ ಮುಟ್ಟಿ ತಿಳಿಯಬೇಕು. ಅವಸರದಲ್ಲಿರುವವನೂ ತಪ್ಪಬಾರದು."

ಆಮೇಲೆ ತಂಗಿ ಶುರುಮಾಡಿದಳು. ಅವಳು ಎಲೆಗಳನ್ನು ಎಳೆಯಲಿಲ್ಲ, ಒತ್ತಿದಳು. ಪುಟ್ಟ ಪುಟ್ಟದು ಮಾಡಿ, ಒಂದರ ಮೇಲೊಂದು, ಮೀನಿನ ಹುರುಪೆಯ ಹಾಗೆ ಕಡ್ಡಿಗೆ ಅಂಟಿಸಿದಳು. ಕಡ್ಡಿಯೇ ಹಸಿರು ದಾರವಾಗಿ ಕಾಣಿಸಿತು. ಎಲೆ ಎಲ್ಲಿ, ಕಡ್ಡಿ ಎಲ್ಲಿ ಎಂದು ಬೇರೆ ಮಾಡಲು ಬರುತ್ತಿರಲಿಲ್ಲ.

"ನನಗೆ ಕೂರಲು ಜಾಗ ಎಲ್ಲಿ?" ಎಂದಿತು ಸಿಳ್ಳಾರ.

"ಇರು, ಇನ್ನೂ ಮುಗಿದಿಲ್ಲ."

ಮುಗಿಯಲೂ ಇಲ್ಲ. ಕೆಳಗಿನ ಕೊಂಬೆಗಳ ಎಲೆಗಳು ಇನ್ನೂ ಮುಳ್ಳಿನ ಹಾಗೆ ಚುಚ್ಚಿಕೊಂಡು ನಿಂತಿದ್ದವು. ಅವನ್ನು ಒತ್ತಲು ಅವಳು ಬಾಗಿದಳು. ಆಗ ಆಚೆ ದಡದಲ್ಲಿ, ಪರ್ವತನ ಹೆಗಲಿನಿಂದ, ಒಂದು ಹಿಡಿ ಹಿಮ ಜಾರಿತು. ಬರೀ ಒಂದು ಹಿಡಿ. ಅದು ಡೋಲ್ಕರ್ ನಿಂತಲ್ಲಿಂದ ಮೂರು ಹೆಜ್ಜೆ ಆಚೆ ಬಿದ್ದಿತು. ಮೂವತ್ತೊಂಬತ್ತು ಕುರಿಗಳೂ ಒಟ್ಟಿಗೇ ಬಾಯಿ ಮುಚ್ಚಿಕೊಂಡವು.

ತಂಗಿ ಎಲೆಗಳನ್ನು ಅಲ್ಲಿಗೇ ಬಿಟ್ಟಳು.

"ಅಕ್ಕಾ, ಕೆಳಗಿನಿಂದ ಹೊಗೆ ಹೊರಟರೆ ಹೊತ್ತಾಗುತ್ತದೆ. ನಾನು ಮೇಲೆ ಹೋಗುತ್ತೇನೆ."

"ಎಷ್ಟು ಮೇಲೆ?"

"ಅವನ ಮೂಗಿನ ಹತ್ತಿರ."

"ಅಲ್ಲಿ ಮಣ್ಣಿಲ್ಲ. ಬರೀ ಕಲ್ಲು. ಅಲ್ಲಿ ನಿಂತರೆ ಗಾಳಿ ನಿನ್ನನ್ನು ಮುರಿದುಬಿಡುತ್ತದೆ."

"ನಿಲ್ಲುವುದಿಲ್ಲ. ಕೂರುತ್ತೇನೆ."

ಗಾಳಿ ತಲೆ ತಗ್ಗಿಸಿತು. ತನ್ನ ಬಗ್ಗೆ ಎದುರಿಗೇ ಹಾಗೆ ಹೇಳಿದ್ದರಿಂದ ಅದಕ್ಕೆ ನೋವಾಯಿತು. ಆದರೆ ಮಾತು ನಿಜ.

ತಂಗಿ ಹತ್ತಿದಳು. ಮರ ಹತ್ತುವುದನ್ನು ನೀನು ನೋಡಿದ್ದೀಯಾ? ಯಾರೂ ನೋಡಿಲ್ಲ. ಆ ಒಂದು ಬೆಳಿಗ್ಗೆ ಮಾತ್ರ ನಡೆದದ್ದು. ಬೇರುಗಳನ್ನು ಬೆರಳಿನ ಹಾಗೆ ಬಂಡೆಯ ಬಿರುಕಿಗೆ ಸಿಕ್ಕಿಸಿ, ಮೈಯನ್ನು ನೆಲಕ್ಕೊತ್ತಿ, ಅವಳು ಹಿಮದ ಗೆರೆಯ ತನಕ ಹೋದಳು. ಅವಳ ಹಿಂದೆ ಅವಳ ಮಕ್ಕಳು, ಮೊಮ್ಮಕ್ಕಳು. ಇಡೀ ಕಾಡು ಎರಡಾಗಿ ಸೀಳಿತು. ಅರ್ಧ ಅಲ್ಲೇ ನಿಂತಿತು. ಅರ್ಧ ಮೇಲಕ್ಕೆ ಹರಿಯಿತು. ಆ ಹೊತ್ತಿನಲ್ಲಿ ಹೊಳೆಗಳು ಹರಿಯುವುದನ್ನು ಮರೆತು ನೋಡಿದವು. ಮೋಡಗಳು ನಿಂತವು. ನೀರೆಲ್ಲ ಕೆಳಗೆ ಬರುತ್ತಿರುವಾಗ ಹಸಿರೊಂದು ಮೇಲೆ ಹೋಗುತ್ತಿತ್ತು.

ಸಿಳ್ಳಾರವೂ ಜೊತೆಗೆ ಹಾರಿತು.

"ಮೇಲೆ ನನಗೆ ತಿನ್ನಲು ಏನಿದೆ? ಕಲ್ಲೇ?" ಎಂದು ಗೊಣಗಿತು.

ತಂಗಿ ಏದುಸಿರಿನಲ್ಲೇ ತನ್ನ ಕಾಯಿಗಳ ಹೊರಪದರವನ್ನು ಕೂಡಿಸಿ ಮುಚ್ಚಿದಳು. ಅವು ಉರುಟಾಗಿ, ಮೆತ್ತಗಾಗಿ, ಸಂಜೆಯ ನೆರಳಿನಂಥ ನೀಲಿ ಹಣ್ಣುಗಳಾದವು. ಮೇಲೆ ಹಿಮದ ಹುಡಿ ಕೂತಿತು.

ಸಿಳ್ಳಾರ ಒಂದನ್ನು ತಿಂದು ನೋಡಿತು. "ಕಹಿ."

"ಬೇಡವಾದರೆ ಕೆಳಗೆ ಹೋಗು."

"ಹೋಗುತ್ತೇನೆ ಎಂದೆನೇ? ಕಹಿ ಎಂದೆ" ಎನ್ನುತ್ತಾ ಸಿಳ್ಳಾರ ಇನ್ನೊಂದನ್ನು ತಿಂದಿತು.

ಅದೇ ಬೆಳಿಗ್ಗೆ ಊರಿನವರು ಕೊಡಲಿ ಹಿಡಿದು ಬಂದರು. ಬಂದವರು ಬಂದಲ್ಲೇ ನಿಂತರು.

"ಡೋಲ್ಕರಳ ಅಪ್ಪಾ," ಎಂದಳು ಜಂಗ್ಮೊ, "ಕಾಡು ಅರ್ಧ ಎಲ್ಲಿ ಹೋಯಿತು?"

ಪುಂಚೋಕ್ ಹತ್ತಿರದ ಮರದ ಕೊಂಬೆ ಬಗ್ಗಿಸಿ ಮುಟ್ಟಿದ. ಬೆರಳಿಗೆ ಕುಚ್ಚು ಸಿಕ್ಕಿತು. ಇನ್ನೊಂದು ಮರ ಮುಟ್ಟಿದ. ಕುಚ್ಚು. ಮತ್ತೊಂದು. ಕುಚ್ಚು. ತಲೆಯೆತ್ತಿ ಕಾಂಡ ನೋಡಿದ. ನೋಡುತ್ತಾ ನೋಡುತ್ತಾ ಅವನ ಟೋಪಿ ಹಿಂದಕ್ಕೆ ಬಿದ್ದುಹೋಯಿತು; ತುದಿ ಇನ್ನೂ ಸಿಕ್ಕಿರಲಿಲ್ಲ.

ಜಂಗ್ಮೊ ಮೇಲಿನ ಬಂಡೆಗಳ ಕಡೆ ನೋಡಿದಳು. ನಿನ್ನೆಯವರೆಗೆ ಬರಿದಾಗಿದ್ದ ಬಂಡೆಗಳ ಮೇಲೆ ಹಸಿರು ಪೊದೆಗಳು ಕವುಚಿ ಕೂತಿದ್ದವು.

"ಎರಡು" ಎಂದಳು ಅವಳು. "ಡೋಲ್ಕರಳ ಅಪ್ಪಾ, ಮರ ಎರಡು. ನಾವು ಒಂದು ಅಂದುಕೊಂಡಿದ್ದೆವು. ನಿನ್ನ ತೊಲೆ ಇಲ್ಲಿದೆ. ನನ್ನ ಹೊಗೆ ಅಲ್ಲಿದೆ."

ಊರಿನ ಹಿರಿಯನೊಬ್ಬ ಕೋಲು ಅಡ್ಡ ಹಿಡಿದ. "ತೊಲೆಯದೇ ಚಕ್ಕೆ ಸುಡಬೇಕು ಜಂಗ್ಮೊ. ನಿಮ್ಮಜ್ಜಿಯೂ ಹಾಗೇ ಸುಟ್ಟದ್ದು."

"ನಮ್ಮಜ್ಜಿ ಸುಟ್ಟಳು, ನಮ್ಮಜ್ಜಿಯ ತಮ್ಮ ಹಿಮದಡಿ ಹೋದ. ಅದನ್ನೂ ಹೇಳು ತಾತಾ."

"ಪರ್ವತ ಸಿಟ್ಟಾದರೆ?"

"ಸಿಟ್ಟಾದರೆ ಕೆಳಗಿರುವುದು ನನ್ನ ಮಗಳು, ನಿನ್ನ ಮಗಳಲ್ಲ. ದಾರಿ ಬಿಡು."

ತಾತ ಕೋಲು ಇಳಿಸಿದ. ಆಮೇಲೆ ಆ ಕೋಲನ್ನೇ ಅವಳ ಕೈಗೆ ಕೊಟ್ಟ. "ಮೇಲೆ ಜಾರುತ್ತದೆ. ಇಟ್ಟುಕೊ."

ಪುಂಚೋಕ್ ನೆಟ್ಟಗಿನ ಒಂದು ಮರ ಆರಿಸಿ ಕಡಿದ. ಒಂದೇ ಒಂದು. ತೊಲೆಯನ್ನು ಬಿಸಿಲಿಗೆ ಹಾಕಿ ಎಲ್ಲರೂ ಉಸಿರು ಹಿಡಿದು ನೋಡಿದರು. ಬಿಸಿಲು ಬಿತ್ತು. ತೊಲೆ ಅಲುಗಾಡಲಿಲ್ಲ. ಮೇಲ್ಮೈಯನ್ನು ಸಪಾಟಾಗಿ ಕೆತ್ತಿ, ಉರುಳೆಗಳ ಮೇಲೆ ಜಾರಿಸಿ, ಹೊಳೆಯ ದಡಕ್ಕೆ ತಂದರು. ತೊಲೆಗೆ ಕಟ್ಟಿದ ಆಡಿನ ಕೂದಲಿನ ಹಗ್ಗದ ಇನ್ನೊಂದು ತುದಿಯನ್ನು ಕವಣೆಗಲ್ಲಿಗೆ ಕಟ್ಟಿ ಆಚೆಗೆ ಬೀಸಿದರು. ಡೋಲ್ಕರ್ ಹಗ್ಗವನ್ನು ಹಿಡಿದು ಬಂಡೆಗೆ ಸುತ್ತಿ ಕಾದಳು.

ಜಂಗ್ಮೊ ಆಗ ಬಂಡೆಗಳ ಮೇಲಿದ್ದಳು. ಸುತ್ತ ಹಸಿ ಹಿಮ. ಒಣ ಕಡ್ಡಿ ಎಲ್ಲೂ ಇಲ್ಲ. ತಂಗಿಯ ಕೊಂಬೆಗೆ ಕೈ ಹಾಕಿದಳು. ಕೆಳಗಿನ ಎಲೆ ಮುಳ್ಳಾಗಿ ಚುಚ್ಚಿತು. ಮೇಲಿನ ಎಲೆ ರೇಷ್ಮೆಯಾಗಿ ಜಾರಿತು. "ಒಂದೇ ಗಿಡದಲ್ಲಿ ಎರಡು ಎಲೆಯೇನೆ, ಪುಣ್ಯಾತ್ಗಿತ್ತಿ" ಎಂದು ಬೆರಳು ಚೀಪಿಕೊಂಡಳು. ಅವಳ ಅವಸರ ತಂಗಿಗೆ ತಿಳಿಯಿತು. ತಂಗಿ ತನ್ನ ತೊಗಟೆಯನ್ನು ತಾನೇ ಸಡಿಲ ಬಿಟ್ಟಳು. ಅದು ಹಳೆಯ ಬಟ್ಟೆಯ ಪಟ್ಟಿಯ ಹಾಗೆ ಉದ್ದುದ್ದ ಸುಲಿದು, ಒಣಗಿ, ಜಂಗ್ಮೊಳ ಕೈಗೆ ಬಂತು. ಜಂಗ್ಮೊ ಕಲ್ಲಿಗೆ ಕಲ್ಲು ಹೊಡೆದಳು. ತೊಗಟೆ ಹತ್ತಿಕೊಂಡಿತು. ಮೇಲೆ ಒಂದು ಹಿಡಿ ಹಸಿ ಕಡ್ಡಿ ಇಟ್ಟಳು.

ಬಿಳಿ ಹೊಗೆ ಎದ್ದಿತು.

ಗಾಳಿ ಆ ಹೊತ್ತಿನಲ್ಲಿ ತನ್ನ ಆಯುಷ್ಯದಲ್ಲೇ ಮೊದಲ ಬಾರಿಗೆ ಒಂದು ಕಡೆ ಕೂತಿತು. ಹೊಗೆ ನೆಟ್ಟಗೆ, ನಡುಗದೆ, ಮೋಡದೊಳಗೆ ಹೋಯಿತು.

ಪರ್ವತ ಉಸಿರು ಬಿಗಿಹಿಡಿದ.

ಎಂಥ ನಿಶ್ಶಬ್ದ ಅದು ಎಂದು ನಿನಗೆ ಹೇಗೆ ಹೇಳಲಿ? ಕರಗಿ ತೊಟ್ಟಿಕ್ಕುತ್ತಿದ್ದ ಹನಿಗಳು ಬಂಡೆಯ ಅಂಚಿನಲ್ಲಿ ತೂಗಿಕೊಂಡು ನಿಂತವು. ಶಿಖರಗಳು ಬೆಳೆಯುವುದನ್ನು ನಿಲ್ಲಿಸಿದವು. ಹೆಗಲ ಅಂಚಿನ ಹಿಮದಲ್ಲಿ ಒಂದು ಬಿರುಕು ಓಡುತ್ತಾ ಬಂದು, ನಡುವಿನಲ್ಲಿ, ಬರೆಯುತ್ತಿದ್ದ ಕೈ ತಡೆದ ಹಾಗೆ ನಿಂತುಬಿಟ್ಟಿತು.

ಪುಂಚೋಕ್ ಮತ್ತು ಊರಿನವರು ತಳ್ಳಿದರು. ಡೋಲ್ಕರ್ ಎಳೆದಳು. ತೊಲೆಯ ತುದಿ ನೀರಿನ ಮೇಲೆ ಮುಂದೆ ಮುಂದೆ ಹೋಗಿ, ಆಚೆಯ ಕೈ ಮುಟ್ಟಿ ಕೂತಿತು. ಆ ಸದ್ದು ಮೂರು ಸಲ ಕಣಿವೆ ಸುತ್ತಿತು. ಹಿಮ ಅಲುಗಾಡಲಿಲ್ಲ.

ಕುರಿಗಳು ಒಂದರ ಹಿಂದೊಂದು ದಾಟಿದವು. ಪುಂಚೋಕ್ ಒಂದೊಂದರ ಬೆನ್ನು ಮುಟ್ಟಿ ಒಳಗೆ ಬಿಟ್ಟುಕೊಂಡ. ಕೊನೆಯ ಕುರಿ ತೊಲೆಯ ನಡುವಿಗೆ ಬಂದು ನಿಂತಿತು. ಕೆಳಗೆ ನೀರು ನೋಡಿ ಕಾಲು ಊರಿಬಿಟ್ಟಿತು. ಅದು ಮರಿ ಹಾಕಿದ ಕುರಿ. ಅದರ ಹಿಂದೆ ಡೋಲ್ಕರ್, ಮರಿಯನ್ನು ಎದೆಯಲ್ಲಿ ಕಟ್ಟಿಕೊಂಡು.

ಬಂಡೆಯ ಮೇಲೆ ಜಂಗ್ಮೊಳ ಬೆಂಕಿ ತಗ್ಗುತ್ತಿತ್ತು.

"ಇನ್ನಷ್ಟು ತೆಗೆದುಕೊ" ಎಂದಳು ತಂಗಿ. ತನ್ನ ನಡುವಿನ ದೊಡ್ಡ ಕೊಂಬೆಯನ್ನೇ ಬಗ್ಗಿಸಿ ಕೊಟ್ಟಳು. ಜಂಗ್ಮೊ ಮುರಿದು ಬೆಂಕಿಗಿಟ್ಟಳು. ಅಂದಿನಿಂದ ತಂಗಿ ಮತ್ತೆ ನೆಟ್ಟಗಾಗಲಿಲ್ಲ.

ಡೋಲ್ಕರ್ ಕುರಿಯನ್ನು ದೂಡಲಿಲ್ಲ, ಬೈಯಲಿಲ್ಲ. ಮರಿಯನ್ನು ಅದರ ತಲೆಯ ಮೇಲಿನಿಂದ ಮುಂದಕ್ಕೆ ಚಾಚಿ ಹಿಡಿದಳು. ಮರಿ ಒಮ್ಮೆ ಕೂಗಿತು. ಕುರಿ ಅದರ ದನಿಯ ಹಿಂದೆ ಹೆಜ್ಜೆ ಇಟ್ಟಿತು. ಒಂದು. ಎರಡು. ಏಳು. ಆಮೇಲೆ ಮಣ್ಣು.

ಪುಂಚೋಕ್ ಮಗಳ ತಲೆಯ ಮೇಲೆ ಕೈಯಿಟ್ಟ. ಏನೋ ಹೇಳಬೇಕೆಂದು ಬಾಯಿ ತೆರೆದ.

"ಮೊದಲು ತಿನ್ನಲು ಕೊಡು ಅಪ್ಪಾ" ಎಂದಳು ಡೋಲ್ಕರ್.

ಆಗ ಪರ್ವತ ಉಸಿರು ಬಿಟ್ಟ.

ಆಚೆಯ ಬೆಟ್ಟದಷ್ಟು ಹಿಮ, ಅವಸರವಿಲ್ಲದೆ, ಆಕಾಶವೇ ಹಾಸಿಗೆ ಮಡಚಿದ ಹಾಗೆ ಇಳಿದು ಬಂತು. ಹುಲ್ಲುಗಾವಲು ಇಲ್ಲವಾಯಿತು. ಡೋಲ್ಕರ್ ಹಗ್ಗ ಸುತ್ತಿದ್ದ ಬಂಡೆ ಇಲ್ಲವಾಯಿತು. ಹಿಮದ ಧೂಳು ಹೊಳೆ ದಾಟಿ ಬಂದು ಎಲ್ಲರ ಹುಬ್ಬುಗಳು ಬೆಳ್ಳಗಾದವು. ಅದು ಇಳಿದ ಮೇಲೆ ನಡುತೊಲೆ ಹಾಗೇ ಇತ್ತು, ನೆಟ್ಟಗೆ. ಜನ ಕೂತುಬಿಟ್ಟರು.

ಆ ವರ್ಷದಿಂದ ತೊಲೆಗೆ ಕುಚ್ಚಿನ ಮರ, ಹೊಗೆಗೆ ಹುರುಪೆಯ ಗಿಡ. ಆ ಕಣಿವೆಯಲ್ಲಿ ಮತ್ತೆ ಒಂದು ಮರವೂ ವ್ಯರ್ಥವಾಗಿ ಬೀಳಲಿಲ್ಲ. ಹೆಸರೂ ಎರಡಾದವು. ಈಗಲೂ ದೂರದ ಕೆಲವು ದೇಶಗಳಲ್ಲಿ ಜೂನಿಪರನ್ನೇ ದೇವದಾರು ಎಂದು ಕರೆಯುವವರಿದ್ದಾರೆ. ಅವರ ಮಾತು ಕೇಳಿ ನೀನು ಹಾಗೆ ಕರೆಯಬೇಡ. ಇಬ್ಬರೂ ಅಷ್ಟೆಲ್ಲ ಬಿಟ್ಟುಕೊಟ್ಟು ಬೇರೆಯಾದವರು.

ಮರುದಿನ ಅಕ್ಕ ಎಂದಿನಂತೆ ಪಕ್ಕಕ್ಕೆ ತಿರುಗಿ ಏನೋ ಹೇಳಹೊರಟಳು. ಪಕ್ಕದಲ್ಲಿ ಯಾರೂ ಇರಲಿಲ್ಲ. ಅವಳ ಕೊಂಬೆಗಳ ತುದಿಗಳು ಮೆಲ್ಲಗೆ ಬಾಗಿದವು. ಇವತ್ತಿಗೂ ಬಾಗಿಯೇ ಇವೆ. ಆದರೆ ಅದುವರೆಗೆ ಕೆಳಗೆ ಜೋತಾಡುತ್ತಿದ್ದ ಕಾಯಿಗಳನ್ನು ಅವಳು ಒಂದೊಂದಾಗಿ ತಿರುಗಿಸಿ, ಕೊಂಬೆಯ ಮೇಲೆ ನೆಟ್ಟಗೆ ನಿಲ್ಲಿಸಿದಳು. ತಂಗಿ ಇರುವುದು ಮೇಲೆ, ನೋಡುವುದೂ ಮೇಲಕ್ಕೇ.

"ಇವನ್ನು ಅವಳ ತನಕ ಒಯ್ಯುತ್ತೀಯಾ?" ಎಂದು ಗಾಳಿಯನ್ನು ಕೇಳಿದಳು.

"ಇಡೀ ಕಾಯಿ ಭಾರ. ಬಿಡಿಬಿಡಿ ಮಾಡಿಕೊಟ್ಟರೆ ಪ್ರಯತ್ನ ಮಾಡುತ್ತೇನೆ" ಎಂದಿತು ಗಾಳಿ. ತಂಗಿ ತನ್ನ ಕೊಂಬೆಯನ್ನೇ ಕೊಟ್ಟದ್ದನ್ನು ಕಂಡಾಗಿನಿಂದ ಅದಕ್ಕೆ ಯಾರಿಗೂ ಇಲ್ಲ ಎನ್ನಲು ಬರುತ್ತಿರಲಿಲ್ಲ.

ಅಕ್ಕ ಕಾಯಿಯನ್ನು ಪದರ ಪದರವಾಗಿ ಬಿಚ್ಚಿದಳು. ಒಂದೊಂದು ಬೀಜಕ್ಕೂ ತೆಳ್ಳನೆಯ ರೆಕ್ಕೆ ಕಟ್ಟಿದಳು. ಬೀಜಗಳು ಹೊರಟವು. ಬಹಳಷ್ಟು ದಾರಿಯಲ್ಲೇ ಉಳಿದವು. ಕೆಲವು ಬಂಡೆಗಳ ಬುಡದ ತನಕ ಹೋದವು. ಮೇಲಿನಿಂದ ಸಿಳ್ಳಾರ, ಹೊಟ್ಟೆ ತುಂಬ ನೀಲಿ ಹಣ್ಣು ತಿಂದು, ಬೀಜಗಳನ್ನು ಅಲ್ಲಿಯವರೆಗೆ ಇಳಿಸಿ ತಂದಿತು.

ಅದಕ್ಕೇ, ಮಗು, ನೀನು ಆ ಪರ್ವತಗಳಿಗೆ ಹೋದಾಗ, ಕೆಳಗೆ ದೇವದಾರಿನ ಕಾಯಿಗಳು ಕೊಂಬೆಯ ಮೇಲೆ ನೆಟ್ಟಗೆ ನಿಂತು ಮೇಲಕ್ಕೆ ನೋಡುವುದನ್ನೂ, ಮೇಲೆ ಜೂನಿಪರ್ ಬಂಡೆಗೆ ಮೈಯೊತ್ತಿ ನೀಲಿ ಹಣ್ಣು ಹಿಡಿದು ಕೂತಿರುವುದನ್ನೂ ಕಾಣುತ್ತೀಯೆ. ಮತ್ತು ನಡುವಿನ ಒಂದು ಎತ್ತರದಲ್ಲಿ, ಗಾಳಿ ತಂದ ಅಕ್ಕನ ಮಗಳೂ ಹಕ್ಕಿ ತಂದ ತಂಗಿಯ ಮಗಳೂ ಒಂದೇ ಕಲ್ಲಿನ ಬುಡದಲ್ಲಿ, ಒಬ್ಬಳು ಕುಚ್ಚು ಕಟ್ಟಿಕೊಂಡು, ಒಬ್ಬಳು ಇನ್ನೂ ಮುಳ್ಳು ಬಿಟ್ಟುಕೊಂಡು, ಬೇರು ಹೆಣೆದು ನಿಂತಿರುತ್ತಾರೆ.